ಕೋಟೆಯಿಂದ ಕಡಲಿಗೆ: ಲಿಸ್ಬನ್–ತೊಮಾರ್ ಒಂದು ದಿನದ ಪ್ರವಾಸ, ಒಬ್ಬ ನಿವೃತ್ತ ಮೇಷ್ಟ್ರ ವಿಮರ್ಶೆ

ಯುರೋಪಿಯನ್ನರು ಭಾರತಕ್ಕೆ ಜಲಮಾರ್ಗ ಹುಡುಕಲು ಕಾರಣವೇನು ಎಂದು ಕರ್ನಾಟಕದಲ್ಲಿ ಹೈಸ್ಕೂಲು ಓದಿದ ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ: 1453ರಲ್ಲಿ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ವಶಪಡಿಸಿಕೊಂಡರು, ಭೂಮಾರ್ಗದ ವ್ಯಾಪಾರಕ್ಕೆ ಅಡ್ಡಿಯಾಯಿತು, ಆದ್ದರಿಂದ ಅವರು ಹಡಗು ಹತ್ತಿದರು. ಕಾರವಾರದ ಸಮೀಪದ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿ ಇಪ್ಪತ್ತೇಳು ವರ್ಷ ನಾನೂ ಇದೇ ಉತ್ತರವನ್ನು ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಅದರಲ್ಲೊಂದು ತೊಡಕಿದೆ ಎಂಬ ಅನುಮಾನ ಆಗಲೂ ಇತ್ತು, ಏಕೆಂದರೆ ಪೋರ್ಚುಗೀಸರು ಆಫ್ರಿಕಾದ ಸಿಯೂಟಾ ಪಟ್ಟಣವನ್ನು ಗೆದ್ದದ್ದು 1415ರಲ್ಲಿ, ಬೊಜದೋರ್ ಭೂಶಿರವನ್ನು ದಾಟಿದ್ದು 1434ರಲ್ಲಿ; ಎರಡೂ ಕಾನ್‌ಸ್ಟಾಂಟಿನೋಪಲ್ ಪತನಕ್ಕಿಂತ ಮೊದಲು. ನಿವೃತ್ತನಾದ ಮೇಲೆ ಲಿಸ್ಬನ್‌ನಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅವಳು ನನಗಾಗಿ ತೊಮಾರ್ ಪಟ್ಟಣದ ಒಂದು ದಿನದ ಪ್ರವಾಸವನ್ನು ಕಾಯ್ದಿರಿಸಿದಳು. ಯುರೋಪಿನ ಮಧ್ಯಯುಗದ ಧರ್ಮಯುದ್ಧಗಳು, ಅಂದರೆ ಜೆರುಸಲೇಮಿಗಾಗಿ ಕ್ರೈಸ್ತರು ಮುಸ್ಲಿಮರೊಡನೆ ಮಾಡಿದ ‘ಕ್ರುಸೇಡ್’ಗಳು, ಮುಂದಿನ ಸಮುದ್ರಯಾನಗಳನ್ನು ಹೇಗೆ ರೂಪಿಸಿದವು ಎಂಬುದೇ ಆ ಪ್ರವಾಸದ ವಿಷಯವಾಗಿತ್ತು. ಅತ್ತ ಹೋಗುವ ಕನ್ನಡಿಗರಿಗೆ ಉಪಯೋಗವಾಗಲೆಂದು, ಅದರಲ್ಲಿ ಮೆಚ್ಚಿದ್ದನ್ನೂ ಮೆಚ್ಚದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಹೇಳುವುದಿಲ್ಲ; ಇಂಥ ಪ್ರವಾಸ ನಡೆಸುವವರು ಅಲ್ಲಿ ಹಲವರಿದ್ದಾರೆ, ನನ್ನ ಮಾತು ಬಹುಮಟ್ಟಿಗೆ ಅವರೆಲ್ಲರಿಗೂ ಸಲ್ಲಬಹುದು.

ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ನಾವು ಹದಿನಾಲ್ಕು ಜನರಿದ್ದೆವು. ಬೆಳಿಗ್ಗೆ ಎಂಟಕ್ಕೆ ಹೊರಡಬೇಕಿದ್ದ ಸಣ್ಣ ಬಸ್ಸು ಅರ್ಧ ಗಂಟೆ ತಡವಾಗಿ ಬಂದಿತು. ಲಿಸ್ಬನ್‌ನಿಂದ ತೊಮಾರ್‌ಗೆ ಸುಮಾರು 140 ಕಿಲೋಮೀಟರ್. ತೊಮಾರ್ ಕೋಟೆಯೊಳಗಿನ ಮಠದ ಪ್ರವೇಶಶುಲ್ಕ ನಾವು ಕೊಟ್ಟ ಹಣದಲ್ಲಿಯೇ ಸೇರಿದ್ದು ಊಟ ಮಾತ್ರ ಬೇರೆ. ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ತಿಳಿಸಬೇಕು, ಏಕೆಂದರೆ ಅಲ್ಲಿ ಸೊಪ್ಪಿನ ಸಾರೆಂದು ತಂದಿಡುವ ಬಟ್ಟಲಿನಲ್ಲೂ ಹಂದಿಮಾಂಸದ ಒಂದು ತುಂಡು ತೇಲುತ್ತಿರುತ್ತದೆ. ಮಾರ್ಗದರ್ಶಿ ಮಧ್ಯವಯಸ್ಸಿನ ಮಹಿಳೆ, ಇತಿಹಾಸ ಓದಿದವರು, ನಿಧಾನವಾಗಿ ಸ್ಪಷ್ಟವಾದ ಇಂಗ್ಲಿಷಿನಲ್ಲಿ ಮಾತನಾಡುವವರು. ಕಿವಿಗೆ ಹಾಕಿಕೊಳ್ಳಲು ಕೊಟ್ಟ ಯಂತ್ರ ನನ್ನ ಪಾಲಿಗೆ ಎರಡು ಬಾರಿ ಕೆಟ್ಟಿತು. ಬದಲಿ ಯಂತ್ರ ಬಸ್ಸಿನಲ್ಲೇ ಉಳಿದಿದ್ದರಿಂದ ನಾನು ಉದ್ದಕ್ಕೂ ಅವರ ಮಗ್ಗುಲಲ್ಲೇ ನಡೆಯಬೇಕಾಯಿತು. ಆ ಕಾರಣದಿಂದ ಅವರೊಂದಿಗೆ ಹೆಚ್ಚು ಮಾತನಾಡುವ ಅವಕಾಶ ನನಗೆ ದೊರೆಯಿತು.

ಬಸ್ಸು ಹೊರಟ ಕೂಡಲೇ ಅವರು 1147ರಿಂದ ಕಥೆ ಆರಂಭಿಸಿದ್ದು ಈ ಪ್ರವಾಸದ ಯೋಜನೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ. ಆ ವರ್ಷ ಎರಡನೆಯ ಧರ್ಮಯುದ್ಧಕ್ಕೆಂದು ಇಂಗ್ಲೆಂಡ್, ಫ್ಲ್ಯಾಂಡರ್ಸ್ ಮತ್ತು ಜರ್ಮನ್ ನಾಡುಗಳ ಯೋಧರು ಸುಮಾರು 160 ಹಡಗುಗಳಲ್ಲಿ ಜೆರುಸಲೇಮಿನ ಕಡೆಗೆ ಹೊರಟಿದ್ದರು. ದಾರಿಯಲ್ಲಿ ಪೋರ್ಚುಗಲ್ಲಿನ ಮೊದಲ ರಾಜ ಅಫೋನ್ಸೋ ಹೆನ್ರಿಕ್ಸ್ ಅವರನ್ನು ಒಪ್ಪಿಸಿ ತನ್ನ ಕಡೆ ಸೇರಿಸಿಕೊಂಡು, ಮುಸ್ಲಿಮರ ಆಳ್ವಿಕೆಯಲ್ಲಿದ್ದ ಲಿಸ್ಬನ್ನನ್ನು ಜುಲೈ ತಿಂಗಳಿಂದ ಮುತ್ತಿಗೆ ಹಾಕಿ ಅಕ್ಟೋಬರ್‌ನಲ್ಲಿ ವಶಪಡಿಸಿಕೊಂಡನು. ಮುಂದೆ ಮೂರೂವರೆ ಶತಮಾನದ ಬಳಿಕ ವಾಸ್ಕೋ ಡ ಗಾಮನ ಹಡಗುಗಳು ಹೊರಟ ಆ ಬಂದರು ಕ್ರೈಸ್ತರ ಕೈಸೇರಿದ್ದೇ ಧರ್ಮಯುದ್ಧಕ್ಕೆ ಹೊರಟಿದ್ದ ನೌಕಾಪಡೆಯಿಂದ. ನಾವು ಪಾಠದಲ್ಲಿ ಧರ್ಮಯುದ್ಧಗಳನ್ನು ಒಂದು ಅಧ್ಯಾಯದಲ್ಲಿ, ಭೌಗೋಳಿಕ ಅನ್ವೇಷಣೆಗಳನ್ನು ಇನ್ನೊಂದರಲ್ಲಿ ಇಟ್ಟು ನಡುವೆ ಗೋಡೆ ಕಟ್ಟಿದ್ದೇವೆ. ಅಂಥದೊಂದು ಗೋಡೆ ಪೋರ್ಚುಗಲ್ಲಿನ ನೆಲದಲ್ಲಿ ಎಲ್ಲಿಯೂ ಇಲ್ಲ.

ತೊಮಾರ್ ಕೋಟೆಯನ್ನು 1160ರಲ್ಲಿ ಕಟ್ಟಲು ಆರಂಭಿಸಿದವನು ಗ್ವಾಲ್ದಿಂ ಪೈಸ್. ಜೆರುಸಲೇಮಿನ ರಕ್ಷಣೆಗೆಂದು ಹುಟ್ಟಿದ ಟೆಂಪ್ಲರ್ ಎಂಬ ಯೋಧಸನ್ಯಾಸಿಗಳ ಪಂಥಕ್ಕೆ ಪೋರ್ಚುಗಲ್ಲಿನಲ್ಲಿ ಅವನೇ ಮುಖ್ಯಸ್ಥನಾಗಿದ್ದನು. ಅದಕ್ಕೂ ಮೊದಲು ಕೆಲವು ವರ್ಷ ಪವಿತ್ರಭೂಮಿಯಲ್ಲೇ ಯುದ್ಧ ಮಾಡಿ ಬಂದವನು. ಗೋಡೆಯ ಬುಡವನ್ನು ನೇರವಾಗಿ ಇಳಿಸದೆ ಹೊರಕ್ಕೆ ಇಳಿಜಾರಾಗಿ ಚಾಚಿ ಕಟ್ಟಿರುವುದನ್ನು ಮಾರ್ಗದರ್ಶಿ ಕೈಯಿಟ್ಟು ತೋರಿಸಿದರು. ಏಣಿ ನಿಲ್ಲಿಸಲು, ಕೆಳಗಿನಿಂದ ಸುರಂಗ ತೋಡಲು ಶತ್ರುವಿಗೆ ಕಷ್ಟವಾಗಲೆಂದು ಮಾಡಿದ ಈ ರಚನೆಯನ್ನು ಗ್ವಾಲ್ದಿಂ ಪೈಸ್ ಪೂರ್ವದ ಯುದ್ಧಭೂಮಿಯಿಂದ ಕಲಿತು ತಂದನಂತೆ. 1190ರಲ್ಲಿ ಮೊರಾಕ್ಕೋದ ಆಲ್ಮೊಹದ್ ಖಲೀಫ ಯಾಕೂಬ್ ಅಲ್ ಮನ್ಸೂರ್ ಆರು ದಿನ ಮುತ್ತಿಗೆ ಹಾಕಿದರೂ ಕೋಟೆ ಬೀಳಲಿಲ್ಲ. ನಾನು ಆ ಇಳಿಜಾರಿನ ಕಲ್ಲಿನ ಮೇಲೆ ಅಂಗೈ ಊರಿ ನಿಂತೆ. ಪ್ಯಾಲೆಸ್ಟೈನಿನಲ್ಲಿ ಕಲಿತ ಯುದ್ಧವಿದ್ಯೆ ಯುರೋಪಿನ ಪಶ್ಚಿಮದ ಅಂಚಿಗೆ ಬಂದು ನೆಲೆಸಿದ್ದನ್ನು ಹೇಳಲು ಪುಟಗಟ್ಟಲೆ ಬರೆಯಬೇಕಾಗುತ್ತದೆ. ಇಲ್ಲಿ ಅದು ಕೈಗೆ ತಾಗುತ್ತದೆ.

ಒಳಗಿನ ಪ್ರಾರ್ಥನಾಮಂದಿರಕ್ಕೆ ಶರೋಲಾ ಎಂದು ಹೆಸರು. ಹೊರಗಿನಿಂದ ಹದಿನಾರು ಮೂಲೆ, ಒಳಗೆ ನಡುವೆ ಎಂಟು ಮೂಲೆಯ ಎತ್ತರದ ಮಂಟಪ, ಎರಡರ ನಡುವೆ ಸುತ್ತುಬರುವ ದಾರಿ. ಗರ್ಭಗುಡಿಗೆ ಪ್ರದಕ್ಷಿಣೆ ಹಾಕಿ ರೂಢಿಯಾದ ನಮ್ಮ ಕಾಲುಗಳು ಆ ದಾರಿಯಲ್ಲಿ ತಾವಾಗಿಯೇ ನಡೆಯತೊಡಗುತ್ತವೆ. ಜೆರುಸಲೇಮಿನಲ್ಲಿ ಕ್ರಿಸ್ತನ ಸಮಾಧಿಯ ಮೇಲಿರುವ ದುಂಡನೆಯ ದೇವಾಲಯದ ನೆನಪಿನಲ್ಲಿ ಇದನ್ನು ಹೀಗೆ ಕಟ್ಟಿದರೆಂದು ಹೇಳುತ್ತಾರೆ. ಯೋಧರು ಕುದುರೆಯ ಮೇಲೆ ಕುಳಿತೇ ಪೂಜೆ ಕೇಳುತ್ತಿದ್ದರೆಂಬ ಕಥೆಯನ್ನು ಮಾರ್ಗದರ್ಶಿ ಕಥೆಯೆಂದೇ ಹೇಳಿದ್ದು ನನಗೆ ಸಮಾಧಾನ ತಂದಿತು. ಆಮೇಲೆ, ಗಾಮನನ್ನು ಕಳಿಸಿದ ದೊರೆ ಮನುವೆಲ್‌ನ ಕಾಲದಲ್ಲಿ ಈ ದುಂಡು ಮಂದಿರದ ಪಶ್ಚಿಮದ ಗೋಡೆಯನ್ನು ಒಡೆದು ದೊಡ್ಡದೊಂದು ಕಮಾನು ತೆರೆದು, ಅದರ ಮುಂದೆ ಉದ್ದನೆಯ ಸಭಾಂಗಣವನ್ನು ಜೋಡಿಸಿದರು. ಹೀಗಾಗಿ ಧರ್ಮಯುದ್ಧದ ಕಾಲದ ಮಂದಿರವು ಸಮುದ್ರಯಾನದ ಕಾಲದ ಚರ್ಚಿಗೆ ಗರ್ಭಗುಡಿಯಾಯಿತು. ಈ ಪ್ರವಾಸದ ಅರ್ಥವೆಲ್ಲ ಆ ಕಮಾನಿನ ಕೆಳಗೆ ಇದೆ. ಆದರೂ ನಮಗೆ ಅಲ್ಲಿ ದೊರೆತದ್ದು ಹದಿನೈದು ನಿಮಿಷ ಮಾತ್ರ. ಊಟಕ್ಕೆ ಒಂದೂವರೆ ಗಂಟೆ ಕೊಟ್ಟವರು ಅದರಲ್ಲಿ ಅರ್ಧ ಗಂಟೆಯನ್ನು ಇಲ್ಲಿಗೆ ಕೊಡಬೇಕಿತ್ತು. ಇದು ನನ್ನ ಮೊದಲ ಆಕ್ಷೇಪ.

ಟೆಂಪ್ಲರ್ ಪಂಥ ಅಳಿದ ಬಗೆಯನ್ನು ಆ ಮಹಿಳೆ ವಿವರಿಸಿದ ರೀತಿ ಒಬ್ಬ ಒಳ್ಳೆಯ ಶಿಕ್ಷಕಿಯದು. ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪ್ 1307ರಲ್ಲಿ ತನ್ನ ರಾಜ್ಯದ ಟೆಂಪ್ಲರರನ್ನು ಸೆರೆಹಿಡಿಸಿದನು, 1312ರಲ್ಲಿ ಪೋಪ್ ಐದನೆಯ ಕ್ಲೆಮೆಂಟ್ ಆ ಪಂಥವನ್ನೇ ರದ್ದುಗೊಳಿಸಿದನು. ಅದರ ಆಸ್ತಿಯೆಲ್ಲ ಹಾಸ್ಪಿಟಲರ್ ಎಂಬ ಇನ್ನೊಂದು ಯೋಧಪಂಥಕ್ಕೆ ಹೋಗಬೇಕೆಂಬುದು ಪೋಪನ ಇಚ್ಛೆಯಾಗಿತ್ತು. ಪೋರ್ಚುಗಲ್ಲಿನ ದೊರೆ ದಿನಿಸ್ ಅದಕ್ಕೆ ಒಪ್ಪಲಿಲ್ಲ. ವರ್ಷಗಟ್ಟಲೆ ಮಾತುಕತೆ ನಡೆಸಿ, ಮುಂದಿನ ಪೋಪ್ ಇಪ್ಪತ್ತೆರಡನೆಯ ಜಾನ್‌ನಿಂದ 1319ರಲ್ಲಿ ‘ಕ್ರಿಸ್ತನ ಪಂಥ’ ಎಂಬ ಹೊಸ ಪಂಥಕ್ಕೆ ಅನುಮತಿ ಪಡೆದು, ಟೆಂಪ್ಲರರ ಜಮೀನು, ಕೋಟೆ, ಹುಟ್ಟುವಳಿಗಳನ್ನು ಅದಕ್ಕೆ ವಹಿಸಿಕೊಟ್ಟನು. ಪಂಥದ ಹೆಸರು ಬದಲಾಯಿತು, ಉಂಬಳಿ ಬದಲಾಗಲಿಲ್ಲ. ಮೊದಲು ದಕ್ಷಿಣದ ಗಡಿಯ ಕಾಸ್ತ್ರೋ ಮರೀಂನಲ್ಲಿದ್ದ ಅದರ ಪೀಠ 1357ರಲ್ಲಿ ತೊಮಾರ್‌ಗೆ ಮರಳಿತು. ಇದೇ ದೊರೆ 1317ರಲ್ಲಿ ಜಿನೋವಾದ ನಾವಿಕ ಮನುವೆಲ್ ಪೆಸಾನ್ಯನನ್ನು ಕರೆಸಿ ನೌಕಾಪಡೆಯ ಅಧಿಪತಿಯನ್ನಾಗಿ ಮಾಡಿದ್ದನ್ನು ಮಾರ್ಗದರ್ಶಿ ಹೇಳಲಿಲ್ಲ. ಪಂಥಕ್ಕೆ ನೆಲೆ ಮತ್ತು ರಾಜ್ಯಕ್ಕೆ ಹಡಗು, ಎರಡನ್ನೂ ಒಬ್ಬನೇ ದೊರೆ ಎರಡು ವರ್ಷಗಳ ಅಂತರದಲ್ಲಿ ಒದಗಿಸಿದನೆಂಬುದನ್ನು ಒಟ್ಟಿಗೆ ಹೇಳಿದ್ದರೆ ಕೇಳುಗರಿಗೆ ಮುಂದಿನದು ತಾನಾಗಿ ತಿಳಿಯುತ್ತಿತ್ತು.

ಪೋರ್ಚುಗಲ್ಲಿನ ರಾಜಕುಮಾರ ಹೆನ್ರಿ ಈ ಮಠದಲ್ಲಿ ಕಟ್ಟಿಸಿದ ಎರಡು ಒಳಾಂಗಣಗಳಲ್ಲಿ ನಮ್ಮನ್ನು ಕೂರಿಸಿ ಅವರು ನಲವತ್ತು ನಿಮಿಷ ಮಾತನಾಡಿದರು. ಹೆನ್ರಿ 1415ರಲ್ಲಿ ಇಪ್ಪತ್ತೊಂದರ ಪ್ರಾಯದಲ್ಲಿ ತಂದೆ ಮತ್ತು ಅಣ್ಣಂದಿರ ಜೊತೆ ಸಿಯೂಟಾದ ಮೇಲೆ ದಂಡೆತ್ತಿ ಹೋದವನು. ಗೆದ್ದ ಪಟ್ಟಣದ ಮಸೀದಿಯನ್ನು ಚರ್ಚಾಗಿ ಮಾರ್ಪಡಿಸಿ, ಅಲ್ಲಿಯೇ ಅವನಿಗೂ ಅವನ ಅಣ್ಣಂದಿರಿಗೂ ವೀರದೀಕ್ಷೆ ಕೊಡಲಾಯಿತು. 1420ರಲ್ಲಿ ಪೋಪ್ ಅವನನ್ನು ಕ್ರಿಸ್ತನ ಪಂಥದ ಆಡಳಿತಾಧಿಕಾರಿಯಾಗಿ ನೇಮಿಸಿದನು. ಅಂದಿನಿಂದ 1460ರಲ್ಲಿ ಸಾಯುವವರೆಗೆ, ಆಫ್ರಿಕಾದ ಕರಾವಳಿಗೆ ಅವನು ಕಳಿಸಿದ ಹಡಗುಗಳಿಗೆ ಈ ಪಂಥದ ಹುಟ್ಟುವಳಿ ಒಂದು ಮುಖ್ಯ ಆಸರೆಯಾಯಿತು. ಸಾಗ್ರೆಸ್‌ನಲ್ಲಿ ಅವನು ನೌಕಾಶಾಲೆಯೊಂದನ್ನು ಸ್ಥಾಪಿಸಿದ್ದನೆಂದು ನಾನು ಪಾಠ ಹೇಳುತ್ತಿದ್ದೆ. ಅಂಥ ಶಾಲೆಗೆ ಆಧಾರವಿಲ್ಲವೆಂದೂ, ಅವನು ಸ್ವತಃ ಮೊರಾಕ್ಕೋದಿಂದ ಆಚೆಗೆ ಯಾನ ಮಾಡಿದವನಲ್ಲವೆಂದೂ ಅವರು ಸ್ಪಷ್ಟವಾಗಿ ಹೇಳಿದರು. ತನ್ನ ದೇಶದ ವೀರನ ಬಗ್ಗೆ ವಿದೇಶಿಯರ ಮುಂದೆ ಹೀಗೆ ನೇರವಾಗಿ ಮಾತನಾಡಲು ಪ್ರಾಮಾಣಿಕತೆ ಬೇಕು.

1437ರಲ್ಲಿ ಮೊರಾಕ್ಕೋದ ಟ್ಯಾಂಜಿಯರ್ ಮೇಲೆ ನಡೆದ ದಂಡಯಾತ್ರೆಯನ್ನೂ ಅವರು ಬಿಡಲಿಲ್ಲ. ಹೆನ್ರಿ ಮುಂದಾಳಾಗಿದ್ದ ಆ ಯುದ್ಧದಲ್ಲಿ ಪೋರ್ಚುಗೀಸರು ಸೋತರು. ಅವನ ತಮ್ಮ ಫೆರ್ನಾಂದೋನನ್ನು ಒತ್ತೆಯಾಗಿ ಬಿಟ್ಟು ಹಿಂದಿರುಗಿದರು. ಅವನ ಬಿಡುಗಡೆಗೆ ಸಿಯೂಟಾವನ್ನು ಹಿಂದಿರುಗಿಸಬೇಕಾಗಿತ್ತು, ಹಿಂದಿರುಗಿಸಲಿಲ್ಲ. 1443ರಲ್ಲಿ ಅವನು ಫೆಸ್ ನಗರದ ಸೆರೆಯಲ್ಲೇ ಪ್ರಾಣಬಿಟ್ಟನು. ನೆಲದ ಮೇಲೆ ನೇರವಾಗಿ ಗೆಲ್ಲಲಾಗದ ಯುದ್ಧವನ್ನು ಕಡಲಿನಿಂದ ಸುತ್ತುವರಿದು ಗೆಲ್ಲುವ ಆಸೆ, ಆಫ್ರಿಕಾದ ಆಚೆಗೆಲ್ಲೋ ಇರುವನೆಂದು ನಂಬಿದ್ದ ಪ್ರೆಸ್ಟರ್ ಜಾನ್ ಎಂಬ ಕ್ರೈಸ್ತ ದೊರೆಯೊಂದಿಗೆ ಕೈಜೋಡಿಸಿ ಮುಸ್ಲಿಂ ರಾಜ್ಯಗಳನ್ನು ಹಿಂದಿನಿಂದ ಹಿಡಿಯುವ ಆಸೆ, ಇವೆರಡೂ ಆ ಯಾನಗಳನ್ನು ಕಳಿಸಿದವರ ಮನಸ್ಸಿನಲ್ಲಿದ್ದವು. ಹಾಗೆಂದು ಎಲ್ಲವೂ ಧರ್ಮಕ್ಕಾಗಿಯೇ ನಡೆಯಿತೆಂಬಂತೆ ಅವರು ಒಂದೆರಡು ಕಡೆ ಮಾತನಾಡಿದ್ದನ್ನು ನಾನು ಒಪ್ಪಲಾರೆ. ಮದೀರಾದ ಸಕ್ಕರೆ, ಗಿನಿ ಕರಾವಳಿಯ ಚಿನ್ನ, ಜಿನೋವಾದ ವರ್ತಕರ ಬಂಡವಾಳ ಇವೆಲ್ಲ ಅಷ್ಟೇ ನಿಜ. ಆ ಕಾಲದ ಜನರು ಧರ್ಮವನ್ನೂ ವ್ಯಾಪಾರವನ್ನೂ ಬೇರೆಬೇರೆಯಾಗಿ ಕಾಣುತ್ತಿರಲಿಲ್ಲ ಎಂಬುದಷ್ಟೇ ನಾವು ಗಮನಿಸಬೇಕಾದದ್ದು.

ಪೋಪರ ಶಾಸನಪತ್ರಗಳ ಭಾಗ ಕೇಳುಗರಿಗೆ ಒಣಗಿದಂತೆ ಅನ್ನಿಸಿತೇನೋ, ಹಲವರು ಫೋಟೋ ತೆಗೆಯಲು ಎದ್ದು ಹೋದರು. ನನ್ನ ಮಟ್ಟಿಗೆ ಇಡೀ ದಿನದ ತಿರುಳು ಅಲ್ಲಿಯೇ ಇತ್ತು. 1452ರ ಪತ್ರವೊಂದರಲ್ಲಿ ಪೋಪ್ ಐದನೆಯ ನಿಕೊಲಾಸ್, ಮುಸ್ಲಿಮರು ಮತ್ತು ಇತರ ಅಕ್ರೈಸ್ತರ ರಾಜ್ಯಗಳನ್ನು ಗೆದ್ದು ಆ ಜನರನ್ನು ಶಾಶ್ವತ ಗುಲಾಮಗಿರಿಗೆ ತಳ್ಳುವ ಅಧಿಕಾರವನ್ನು ಪೋರ್ಚುಗಲ್ಲಿನ ದೊರೆಗೆ ಕೊಟ್ಟನು. 1455ರ ಇನ್ನೊಂದು ಪತ್ರ, ಗೆದ್ದ ಮತ್ತು ಗೆಲ್ಲಲಿರುವ ಕಡಲತೀರಗಳ ಮೇಲೆ ಪೋರ್ಚುಗೀಸರಿಗೆ ಏಕಸ್ವಾಮ್ಯವನ್ನು ನೀಡಿತು. 1456ರಲ್ಲಿ ಪೋಪ್ ಮೂರನೆಯ ಕ್ಯಾಲಿಕ್ಸ್ಟಸ್, ಆ ನೆಲಗಳ ಧಾರ್ಮಿಕ ಅಧಿಕಾರವನ್ನು ‘ಇಂಡಿಯಾದವರವರೆಗೂ’ ಎಂಬ ಮಾತಿನೊಡನೆ ತೊಮಾರ್‌ನ ಕ್ರಿಸ್ತನ ಪಂಥಕ್ಕೆ ವಹಿಸಿಕೊಟ್ಟನು. ಕಾನ್‌ಸ್ಟಾಂಟಿನೋಪಲ್ ಕಳೆದುಕೊಂಡ ದುಃಖದಲ್ಲಿ ಹೊಸ ಧರ್ಮಯುದ್ಧಕ್ಕೆ ಕರೆ ಕೊಟ್ಟಿದ್ದವನೂ ಇದೇ ಪೋಪ್. ನಮ್ಮ ಪಠ್ಯದ 1453ಕ್ಕೆ ಸರಿಯಾದ ಜಾಗ ಇದು: ಆ ಘಟನೆಯಿಂದ ಯಾನಗಳು ಹುಟ್ಟಲಿಲ್ಲ, ಆಗಲೇ ನಡೆಯುತ್ತಿದ್ದ ಯಾನಗಳಿಗೆ ಅದು ಧರ್ಮಯುದ್ಧದ ಮುದ್ರೆಯನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿತು. ಗಾಮನು ಹುಟ್ಟುವುದಕ್ಕೂ ಮೊದಲೇ, ಯಾರೂ ಕಣ್ಣಿನಿಂದ ಕಾಣದ ನಮ್ಮ ಕರಾವಳಿ ಹೀಗೆ ಕಾಗದದ ಮೇಲೆ ಒಂದು ಯೋಧಪಂಥದ ಪಾಲಿಗೆ ಹೋಗಿತ್ತು.

ಮಠದ ಪಶ್ಚಿಮ ಗೋಡೆಯ ಮೇಲಿನ ಪ್ರಸಿದ್ಧ ಕಿಟಕಿಯನ್ನು ಕೆಳಗಿನ ಸಣ್ಣ ಒಳಾಂಗಣದ ತಾರಸಿಯಿಂದ ನೋಡಬೇಕು. 1510ರಿಂದ 1513ರ ನಡುವೆ ದಿಯೋಗೋ ದ ಅರ್ರೂದ ಮಾಡಿಸಿದ ಆ ಕಿಟಕಿಯ ಸುತ್ತ ಕಲ್ಲಿನಲ್ಲಿ ಕಡೆದ ಹಗ್ಗಗಳು, ಗಂಟುಗಳು, ಹವಳ, ಕಡಲಪಾಚಿ. ಎಲ್ಲದರ ಅಡಿಯಲ್ಲಿ ಬುಡಸಮೇತ ಕಿತ್ತ ಮರವೊಂದನ್ನು ಹೊತ್ತ ಗಡ್ಡದ ಮುದುಕ, ಎಲ್ಲದರ ಮೇಲೆ ಕ್ರಿಸ್ತನ ಪಂಥದ ಶಿಲುಬೆ. ಹಗ್ಗದ ಒಂದೊಂದು ಎಳೆಯನ್ನೂ ಉಳಿ ಹೊಸೆದಿದೆ. ಕರಾವಳಿಯವನಾದ ನನಗೆ ದೋಣಿ ಕಟ್ಟುವ ಹುರಿಹಗ್ಗದ ಬಿಗಿ ಗೊತ್ತು, ಆ ಬಿಗಿ ಆ ಕಲ್ಲಿನಲ್ಲಿ ಇತ್ತು. ಅದೇ ಶಿಲುಬೆಯನ್ನು ಪೋರ್ಚುಗೀಸ್ ಹಡಗುಗಳ ಹಾಯಿಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸುತ್ತಿದ್ದರು. ದೊರೆ ಮನುವೆಲ್ ಸಿಂಹಾಸನವೇರುವ ಮೊದಲೇ, 1484ರಿಂದ, ಈ ಪಂಥದ ಮುಖ್ಯಸ್ಥನಾಗಿದ್ದನು. ಜೆರುಸಲೇಮನ್ನು ಮರಳಿ ಗೆಲ್ಲುವ ಕನಸನ್ನು ಅವನು ಕಡೆಯವರೆಗೂ ಇಟ್ಟುಕೊಂಡಿದ್ದನು. ಇಲ್ಲಿ ಮಾರ್ಗದರ್ಶಿ ಮಾತು ನಿಲ್ಲಿಸಿ ನಮ್ಮನ್ನು ಸುಮ್ಮನೆ ನೋಡಲು ಬಿಟ್ಟರು, ಅದಕ್ಕೆ ಅವರಿಗೆ ನನ್ನ ಕೃತಜ್ಞತೆ ಸಲ್ಲುತ್ತದೆ.

ಹಿಂದಿರುಗುವ ದಾರಿಯಲ್ಲಿ ಸ್ಪೇನಿನ ಕಥೆಯನ್ನು ಬೇಗ ಮುಗಿಸಿದರು, ಅದು ಸರಿಯೂ ಹೌದು. 1492ರ ಜನವರಿ 2ರಂದು ಅಲ್ಲಿನ ಕೊನೆಯ ಮುಸ್ಲಿಂ ರಾಜ್ಯವಾದ ಗ್ರನಾಡಾ ಶರಣಾಯಿತು. ಆ ಮುತ್ತಿಗೆಗೆಂದೇ ಕಟ್ಟಿದ ಸಾಂತಾ ಫೆ ಎಂಬ ಪಾಳೆಯದ ಊರಿನಲ್ಲಿಯೇ ಏಪ್ರಿಲ್ 17ರಂದು ಕೊಲಂಬಸ್‌ನ ಒಪ್ಪಂದಕ್ಕೆ ಸಹಿ ಬಿದ್ದಿತು. ಅವನೂ ತನ್ನ ಯಾನದಿಂದ ಬರುವ ಲಾಭವೆಲ್ಲ ಜೆರುಸಲೇಮಿನ ವಿಜಯಕ್ಕೆ ವೆಚ್ಚವಾಗಲೆಂದು ದಿನಚರಿಯಲ್ಲಿ ಬರೆದುಕೊಂಡವನು.

ನನ್ನ ದೊಡ್ಡ ಆಕ್ಷೇಪವನ್ನು ಈಗ ಹೇಳಬೇಕು. ಪ್ರವಾಸ ಲಿಸ್ಬನ್ನಿನ ಬೆಲೆಂ ತೀರದಲ್ಲಿ, ಗೋಪುರದ ಕಲ್ಲಿನ ಗುರಾಣಿಗಳ ಮೇಲೆ ಅದೇ ಶಿಲುಬೆಯನ್ನು ತೋರಿಸಿ, ಗಾಮನು 1497ರ ಜುಲೈ 8ರಂದು ಇಲ್ಲಿಂದ ಹೊರಟನೆಂದು ಹೇಳಿ ಮುಗಿಯುತ್ತದೆ. ಹಡಗುಗಳು ಎಲ್ಲಿಗೆ ತಲುಪಿದವು, ತಲುಪಿದ ಮೇಲೆ ಏನು ನಡೆಯಿತು ಎಂಬುದರ ಬಗ್ಗೆ ಒಂದು ಮಾತೂ ಇಲ್ಲ. 1444ರ ಆಗಸ್ಟ್‌ನಲ್ಲಿ ಪೋರ್ಚುಗಲ್ಲಿನ ಲಾಗೋಸ್ ಬಂದರಿನಲ್ಲಿ ಆಫ್ರಿಕಾದಿಂದ ಹಿಡಿದು ತಂದ 235 ಜನರನ್ನು, ತಾಯಿಯನ್ನು ಮಗುವಿನಿಂದ ಬೇರ್ಪಡಿಸಿ, ಪಾಲು ಹಾಕಿ ಹಂಚಿದರು. ಐದನೆಯ ಒಂದು ಪಾಲಾದ 46 ಜನರನ್ನು ಕುದುರೆಯ ಮೇಲೆ ಕುಳಿತಿದ್ದ ಹೆನ್ರಿಗೆ ಒಪ್ಪಿಸಿದರು. ಆ ಅಳುವನ್ನು ಬರೆದಿಟ್ಟವನು ಪೋರ್ಚುಗಲ್ಲಿನ ಆಸ್ಥಾನದ ಚರಿತ್ರಕಾರನೇ. 1502ರಲ್ಲಿ ಗಾಮನು ಮಲಬಾರಿನ ಕಡಲಿನಲ್ಲಿ, ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ಹೆಂಗಸರು ಮಕ್ಕಳೆನ್ನದೆ ಸುಟ್ಟು ಮುಳುಗಿಸಿದನು. ಅದೇ ಯಾನದಲ್ಲಿ ನಮ್ಮ ಭಟ್ಕಳದಿಂದ ಅಕ್ಕಿಯ ಕಪ್ಪವನ್ನು ಬಲವಂತದಿಂದ ಗೊತ್ತುಮಾಡಿಕೊಂಡನು. ಧರ್ಮಯುದ್ಧದ ಸಂಸ್ಥೆ, ಹಣ, ಅನುಮತಿಪತ್ರಗಳು ಕಡಲಿಗಿಳಿದದ್ದನ್ನು ಇಷ್ಟು ಚೆನ್ನಾಗಿ ತೋರಿಸಿದವರು, ಅದರ ಕತ್ತಿಯೂ ಜೊತೆಗೇ ಬಂದದ್ದನ್ನು ಬಿಟ್ಟರೆ ಕಥೆ ಅರ್ಧಕ್ಕೆ ನಿಲ್ಲುತ್ತದೆ.

ಇದನ್ನು ನಾನು ಅಲ್ಲಿಯೇ ಅವರಿಗೆ ಹೇಳಿದೆ. 1498ರಲ್ಲಿ ಕಲ್ಲಿಕೋಟೆಯ ತೀರಕ್ಕೆ ಗಾಮನ ಹಡಗಿನಿಂದ ಮೊದಲು ಇಳಿದವನನ್ನು ಅಲ್ಲಿದ್ದ ಟ್ಯುನಿಸ್‌ನ ವರ್ತಕರು ಏಕೆ ಬಂದಿರೆಂದು ಕೇಳಿದಾಗ, ಕ್ರೈಸ್ತರನ್ನೂ ಸಾಂಬಾರ ಪದಾರ್ಥಗಳನ್ನೂ ಹುಡುಕಿ ಬಂದೆವು ಎಂದು ಅವನು ಕೊಟ್ಟ ಉತ್ತರ ಆಕೆಗೆ ಗೊತ್ತಿತ್ತು. ಅಲ್ಲಿನ ದೇವಸ್ಥಾನವನ್ನು ಗಾಮನ ಜನ ಚರ್ಚೆಂದು ಭಾವಿಸಿ ಪ್ರಾರ್ಥನೆ ಮಾಡಿದ್ದೂ, ಗೋಡೆಯ ಮೇಲೆ ನಾಲ್ಕೈದು ಕೈಗಳ, ಹೊರಚಾಚಿದ ಹಲ್ಲುಗಳ ಚಿತ್ರಗಳನ್ನು ಸಂತರೆಂದುಕೊಂಡದ್ದೂ ಗೊತ್ತಿತ್ತು. ಆದರೆ ಅಂಜುದೀವದ ಸಂಗತಿ ಗೊತ್ತಿರಲಿಲ್ಲ. ಮರಳುವ ಮೊದಲು ಗಾಮನು ಹಡಗುಗಳ ತಳ ತಿಕ್ಕಿ ರಿಪೇರಿ ಮಾಡಿಸಲು ಲಂಗರು ಹಾಕಿದ್ದು ಕಾರವಾರದ ಎದುರಿನ ಆ ದ್ವೀಪದಲ್ಲಿ. ಅಲ್ಲಿಯೂ ಹಾಳಾದ ಕಲ್ಲಿನ ಕಟ್ಟಡವೊಂದನ್ನು, ಹುಲ್ಲು ಹೊದಿಸಿದ ಅದರ ಒಂದು ಕೋಣೆಯಲ್ಲಿ ಜನ ಪೂಜಿಸುತ್ತಿದ್ದ ಮೂರು ಕರಿಕಲ್ಲುಗಳನ್ನು ಅವರು ಕಂಡರು. ಅದನ್ನೂ ಚರ್ಚೆಂದೇ ಯಾನದ ದಿನಚರಿಯಲ್ಲಿ ಬರೆದರು. ತಲೆಮಾರುಗಳಿಂದ ಪೂರ್ವದ ಕ್ರೈಸ್ತರಿಗಾಗಿ ಕಾದವರ ಕಣ್ಣು ನಮ್ಮ ನೆಲದಲ್ಲಿ ಕಂಡದ್ದು ತಾನು ಕಾದದ್ದನ್ನೇ. ಏಳು ವರ್ಷಗಳ ಬಳಿಕ ಅದೇ ದ್ವೀಪದಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಅಲ್ಮೇಡ ಕೋಟೆ ಕಟ್ಟಿಸಿದನೆಂದೂ, 1510ರಲ್ಲಿ ಗೋವಾ ಗೆಲ್ಲಲು ಅಲ್ಬುಕರ್ಕ್‌ಗೆ ನೆರವಾದವನು ಹೊನ್ನಾವರದ ತಿಮ್ಮೋಜನೆಂದೂ ಹೇಳಿದೆ. ಆಕೆ ನಿಂತಲ್ಲೇ ಕೈಚೀಲದಿಂದ ನೋಟುಪುಸ್ತಕ ತೆಗೆದು, ಅಂಜುದೀವದ ಹೆಸರನ್ನು ಅಕ್ಷರ ಅಕ್ಷರವಾಗಿ ಕೇಳಿ ಬರೆದುಕೊಂಡರು. ಮುಂದಿನ ತಂಡಕ್ಕೆ ಇದನ್ನು ಹೇಳುತ್ತೇನೆ ಎಂದರು. ಹೇಳುತ್ತಾರೆಂದು ನಾನು ನಂಬಿದ್ದೇನೆ.

ಹಾಗಾಗಿ ಈ ಪ್ರವಾಸವನ್ನು ನಾನು ಶಿಫಾರಸು ಮಾಡುತ್ತೇನೆ, ಅದರಲ್ಲೂ ಇತಿಹಾಸ ಪಾಠ ಮಾಡುವವರಿಗೆ. ಚಿಕ್ಕ ಮಕ್ಕಳಿಗೆ ಇದು ದೀರ್ಘವಾಗುತ್ತದೆ. ಮಂಡಿನೋವಿನವರಿಗೆ ಕೋಟೆಯ ಏರು ಕಷ್ಟ. ಸಾಧ್ಯವಿದ್ದವರು ಇನ್ನೊಂದು ದಿನ ತಾವೇ ರೈಲಿನಲ್ಲಿ ಹೋಗಿ ಬರಬೇಕು. ಸಾಂತಾ ಅಪೊಲೋನಿಯಾ ನಿಲ್ದಾಣದಿಂದ ಎರಡು ಗಂಟೆಯ ಪ್ರಯಾಣ. ನಾನು ಹಾಗೆ ಮತ್ತೆ ಹೋದದ್ದು ಪ್ರವಾಸದವರು ತೋರಿಸದೆ ಬಿಟ್ಟ ಒಂದು ಸಣ್ಣ ಕಟ್ಟಡಕ್ಕಾಗಿ. ಕೆಳಗಿನ ಊರಿನ ಇಕ್ಕಟ್ಟಾದ ಬೀದಿಯೊಂದರಲ್ಲಿ ಹದಿನೈದನೆಯ ಶತಮಾನದ ಯಹೂದಿ ಪ್ರಾರ್ಥನಾಲಯವಿದೆ, ಅದರೊಳಗಿನ ವಸ್ತುಸಂಗ್ರಹಾಲಯಕ್ಕೆ ಯಹೂದಿ ಖಗೋಳಜ್ಞ ಅಬ್ರಹಾಂ ಜಕೂತೊನ ಹೆಸರಿಟ್ಟಿದ್ದಾರೆ. ಸೂರ್ಯನ ಎತ್ತರದಿಂದ ಹಡಗಿನ ಸ್ಥಾನವನ್ನು ತಿಳಿಯಲು ಬೇಕಾದ ಅವನ ಕೋಷ್ಟಕಗಳು ಗಾಮನ ಯಾನಕ್ಕೆ ಒದಗಿದವು. ಗ್ರನಾಡಾ ಗೆದ್ದ ವರ್ಷವೇ ಸ್ಪೇನ್ ಯಹೂದಿಗಳನ್ನು ಹೊರದಬ್ಬಿದಾಗ ಅವನು ಪೋರ್ಚುಗಲ್ಲಿಗೆ ಬಂದಿದ್ದನು. ನಾಲ್ಕೈದು ವರ್ಷಗಳಲ್ಲಿ ದೊರೆ ಮನುವೆಲ್ ಇಲ್ಲಿಯೂ ಯಹೂದಿಗಳಿಗೆ ಮತಾಂತರ ಅಥವಾ ಗಡೀಪಾರು ಎಂದು ಆಜ್ಞೆ ಹೊರಡಿಸಿದ್ದರಿಂದ ಇಲ್ಲಿಂದಲೂ ಹೊರಟುಹೋದನು. ನಾಲ್ಕು ಕಂಬಗಳ ಆ ಕೋಣೆಯ ಮೇಲಿನ ಮೂಲೆಗಳಲ್ಲಿ, ಧ್ವನಿ ಚೆನ್ನಾಗಿ ಕೇಳಲೆಂದು ಗೋಡೆಯೊಳಗೆ ಮಣ್ಣಿನ ಮಡಕೆಗಳನ್ನು ಹುದುಗಿಸಿದ್ದಾರೆ. ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ ನಾನು ನಡುವೆ ನಿಂತು ಮೆಲ್ಲಗೆ ಜಕೂತೊನ ಹೆಸರು ಹೇಳಿದೆ, ಅದು ನಾಲ್ಕೂ ಮೂಲೆಗಳಿಂದ ತುಂಬುಧ್ವನಿಯಾಗಿ ಕೇಳಿಸಿತು.